ಮಾತ್ರೆ ತಪ್ಪದ ಮಾತು

"ಒಂದು ಬಾಯಿ ಹೇಳಿ ಹೋಯ್ತು, ಎಂಟು ತಲೆ ಬಾಚೋರು ಯಾರು?" ಎಂದು ನನ್ನ ಅಕ್ಕ ಪದ್ಮಾವತಿ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಮಕ್ಕಳನ್ನೂ ಅಲ್ಲ. ಬಾಚಣಿಗೆಗೆ ಸಿಕ್ಕ ಕೂದಲನ್ನು ಬಿಡಿಸುತ್ತಾ ಗಾಳಿಯನ್ನು ಕೇಳಿದ್ದು. ಭಾನುವಾರದ ಎಣ್ಣೆನೀರಾಗಿತ್ತು. ಜಗಲಿಯ ಮೇಲೆ ಎಂಟೂ ತಲೆಗಳು ದೊಡ್ಡದರಿಂದ ಚಿಕ್ಕದಕ್ಕೆ ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ಕೂತಿದ್ದವು. ಅಕ್ಕ ಹಿರಿಯಳಾದ ಸುಗುಣಳ ತಲೆ ಬಾಚುತ್ತಿದ್ದಳು, ಸುಗುಣ ತನ್ನ ಮುಂದಿನವಳದ್ದು, ಅವಳು ಅವಳ ಮುಂದಿನವನದ್ದು. ಸಾಲಿನ ತುದಿಯಲ್ಲಿದ್ದ ಆರು ವರ್ಷದ ಸಾಕಮ್ಮನಿಗೆ ಬಾಚಲು ಯಾರೂ ಉಳಿದಿರಲಿಲ್ಲವಾಗಿ ಅವಳು ನನ್ನ ತಲೆಗೆ ಕೈ ಹಾಕಿದ್ದಳು. ನನ್ನ ತಲೆಯಲ್ಲಿ ಬಾಚುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಅವಳು ಶ್ರದ್ಧೆಯಿಂದ ಬಾಚುತ್ತಿದ್ದಳು.

ಅಕ್ಕನ ಮದುವೆಯ ದಿನ ಭಾಗೀರಥಜ್ಜಿ ಅಕ್ಷತೆ ಹಾಕಿ "ಎಂಟು ತೊಟ್ಟಿಲು ತೂಗು ಮಗಳೇ" ಎಂದು ಹರಸಿದ್ದರು. ನಮ್ಮೂರಿನಲ್ಲಿ ಅಕ್ಷತೆಯ ಜೊತೆ ಬಿದ್ದ ಮಾತು ಹುಸಿಯಾಗುವುದಿಲ್ಲ. ಎಂಟೆಂದರೆ ಎಂಟು. ಏಳಕ್ಕೆ ನಿಂತ ಮನೆಯಿಲ್ಲ, ಒಂಬತ್ತಕ್ಕೆ ದಾಟಿದ ಮನೆಯೂ ಇಲ್ಲ. ಪರಊರಿನ ನೆಂಟರು, "ಹಾಗಿದ್ರೆ ಆಯಸ್ಸು, ಐಶ್ವರ್ಯ ಎಲ್ಲಾ ಹರಸ್ಕೊಳ್ಳಿ, ಯಾರು ಬೇಡ ಅಂದ್ರು?" ಎಂದು ನಗುತ್ತಾರೆ. ಹರಸಿ ನೋಡಿದ್ದೇವೆ. ಅವು ಎಲ್ಲ ಊರಿನಂತೆ ನಮ್ಮಲ್ಲೂ ದೇವರ ಚಿತ್ತ. ತೊಟ್ಟಿಲಿನ ಮಾತು ಮಾತ್ರ ಹತ್ತುತ್ತದೆ.

ನಾನು ಊರಿನ ಶಾಲೆಯಲ್ಲಿ ಒಂದನೇ ತರಗತಿಯ ಮೇಷ್ಟ್ರು. ಪಾಠ ಮಾಡುತ್ತೇನೆ ಎಂದರೆ ಅಹಂಕಾರದ ಮಾತಾದೀತು; ಹಾಜರಿ ಕರೆಯುತ್ತೇನೆ. ನೂರ ಮೂವತ್ತು ಹೆಸರುಗಳು. ಗಣೇಶನ ಸ್ತುತಿಯಿಂದ ಶುರು ಮಾಡಿದರೆ ಹಾಜರಿ ಮುಗಿಯುವ ಹೊತ್ತಿಗೆ ಮೊದಲ ಗಂಟೆ ಬಾರಿಸುತ್ತದೆ. ಒಂದೇ ಬೆಂಚಿನಲ್ಲಿ ಅಣ್ಣ, ತಂಗಿ, ಅವರ ಚಿಕ್ಕಪ್ಪ ಮೂವರೂ ಕೂತು 'ಅ ಆ' ಬರೆಯುತ್ತಾರೆ. ಹೆಸರುಗಳೂ ಖರ್ಚಾಗಿ ಹೋಗಿವೆ. ಐದನೆಯದೋ ಆರನೆಯದೋ ಹೆಣ್ಣಾದಾಗ ಹಿಂದಿನವರು ದೇವರಿಗೆ ಅರ್ಥವಾಗಲಿ ಎಂದು 'ಸಾಕಮ್ಮ' ಎಂದು ಹೆಸರಿಡುತ್ತಿದ್ದರಲ್ಲ, ನಮ್ಮೂರಿನವರೂ ಇಟ್ಟರು. ದೇವರಿಗೇನೋ ಅರ್ಥವಾಗಿರಬೇಕು, ಅಕ್ಷತೆಗೆ ಆಗಲಿಲ್ಲ. ಈಗ ನನ್ನ ಹಾಜರಿ ಪುಸ್ತಕದಲ್ಲಿ ಹನ್ನೊಂದು ಸಾಕಮ್ಮಂದಿರಿದ್ದಾರೆ. ನಮ್ಮ ಮನೆಯ ಸಾಕಮ್ಮ ಒಂದು ದಿನ, "ಮಾವ, ಸಾಕು ಅಂದ್ರೆ ಬೇಡ ಅಂತಾನಾ?" ಎಂದು ಕೇಳಿದಳು. ನಾನು, "ಅಲ್ಲಮ್ಮ, ಸಾಕು ಅಂದ್ರೆ ಪ್ರೀತಿಯಿಂದ ಬೆಳೆಸು ಅಂತ. ಹಸು ಸಾಕು, ಗಿಣಿ ಸಾಕು, ಮಗು ಸಾಕು" ಎಂದೆ. ಅವಳು ಒಪ್ಪಿದಳು. ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ.

ನನ್ನ ತಂದೆ ಗಮಕಿಗಳು. ಶನಿವಾರ ಮಧ್ಯಾಹ್ನ ದೇವಸ್ಥಾನದ ಪಡಸಾಲೆಯಲ್ಲಿ ಭಾರತ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೂತು ಕೇಳಿ ಬೆಳೆದವನು. ಕೇಳುವುದೊಂದೇ ನನಗೆ ಬರುವ ವಿದ್ಯೆ. ಅಪ್ಪ ಹಾಡಿದ ಪದ್ಯಗಳ ಮೂರು, ನಾಲ್ಕು, ಮೂರು, ನಾಲ್ಕು ಎಂಬ ನಡೆ ನನ್ನ ಮೈಯಲ್ಲಿ ಉಸಿರಿನಂತೆ ಸೇರಿದೆ. ಬಾಯಿಗೆ ಮಾತ್ರ ಬರುವುದಿಲ್ಲ. ನಾಲ್ಕು ಜನ ಹಿರಿಯರ ಮುಂದೆ ನಿಂತರೆ ನನ್ನ ಗಂಟಲು ಕಟ್ಟುತ್ತದೆ.

ಸುಗುಣಳಿಗೆ ಆಗ ಇಪ್ಪತ್ತೊಂದು. ಏಳು ತಮ್ಮ ತಂಗಿಯರನ್ನು ಎಡಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗಲೂ ಸುಮ್ಮನೆ ನಿಂತರೆ ಎಡಸೊಂಟ ತಾನಾಗಿ ಹೊರಕ್ಕೆ ಬಂದು ಯಾರಾದರೂ ಹತ್ತಿ ಕೂರಲಿ ಎಂದು ಕಾಯುತ್ತದೆ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ರೆಬೆಕ್ಕಮ್ಮನ ಕೈಕೆಳಗೆ ತರಬೇತಿಗೆ ಸೇರಿದ್ದಳು, ಇನ್ನೂ ಒಂದೂವರೆ ವರ್ಷ ಬಾಕಿಯಿತ್ತು. ಅಷ್ಟರಲ್ಲಿ ಬೀದಿಯಾಚೆಯ ವಿರೂಪಾಕ್ಷನ ಜೊತೆ ಮದುವೆ ನಿಶ್ಚಯವಾಯಿತು. ಇಬ್ಬರೂ ಮೆಚ್ಚಿ ಒಪ್ಪಿದ್ದೇ. ಹುಡುಗ ಒಳ್ಳೆಯವನು, ಕಡಿಮೆ ಮಾತಿನವನು, ನನ್ನ ಜಾತಿಯವನೇ ಎನ್ನಬೇಕು. ನಿಶ್ಚಿತಾರ್ಥದ ಮರುದಿನ ಸುಗುಣ ನನ್ನ ಹತ್ತಿರ ಬಂದು ಕೂತಳು.

"ಮಾವ, ನಂಗೆ ಮಕ್ಕಳು ಬೇಡ ಅಂತಲ್ಲ. ಒಂದು ಬೇಕು. ಆಮೇಲೆ ನೋಡಿ ಇನ್ನೊಂದೂ ಬೇಕು ಅನ್ನಿಸಬಹುದು. ಆದ್ರೆ ಅದು ಬಂದಾಗ ನಂಗೆ ನಗು ಬರಬೇಕು, ಸುಸ್ತಲ್ಲ. ಅಮ್ಮ ಐದನೇದಾದ ಮೇಲೆ ಬಾವಿಕಟ್ಟೆ ಹತ್ರ ಬಿದ್ದಳಲ್ಲ, ಅವತ್ತು ಕೊಡ ಹಿಡ್ಕೊಂಡಿದ್ದು ನಾನು. ರೆಬೆಕ್ಕಮ್ಮ ಅಮ್ಮನ ಕಣ್ಣುರೆಪ್ಪೆ ಎಳೆದು ತೋರಿಸಿದ್ರು. ಒಳಗೆ ಸುಣ್ಣ ಬಳಿದ ಗೋಡೆ ಇದ್ದ ಹಾಗಿತ್ತು."

"ಗೊತ್ತಮ್ಮ," ಎಂದೆ.

"ಗೊತ್ತಿದ್ರೆ ಸಾಲದು ಮಾವ. ಮುಹೂರ್ತಕ್ಕೆ ಇಪ್ಪತ್ತು ದಿನ ಇದೆ."

ಊರು ಈ ವಿಷಯದಲ್ಲಿ ಸುಮ್ಮನೆ ಕೂತಿತ್ತು ಎಂದು ಹೇಳಿದರೆ ಪಾಪ ಬಂದೀತು. ಎರಡು ವರ್ಷದ ಕೆಳಗೆ ಹಿರಿಯರೆಲ್ಲ ಸೇರಿ ಇನ್ನು ಮೇಲೆ 'ಎರಡು' ಎಂದೇ ಹರಸತಕ್ಕದ್ದು ಎಂದು ತೀರ್ಮಾನ ಮಾಡಿದ್ದರು. ಮೊದಲ ಮದುವೆಯಲ್ಲೇ ಮೂವರು ಹಿರಿಯರು ಒಬ್ಬರಾದ ಮೇಲೊಬ್ಬರು ಸಂಭ್ರಮದಿಂದ "ಎರಡಾಗಲಿ", "ಎರಡಾಗಲಿ", "ಎರಡಾಗಲಿ" ಎಂದು ಅಕ್ಷತೆ ಹಾಕಿದರು. ಕೂಡಿ ಆರಾಯಿತು. ಆ ಹುಡುಗಿಗೆ ಮೊದಲ ಹೆರಿಗೆಯಲ್ಲೇ ಅವಳಿ, ಹನ್ನೊಂದು ತಿಂಗಳಿಗೆ ಇನ್ನೊಂದು ಅವಳಿ; ಎರಡು ಇನ್ನೂ ಬಾಕಿ. ಆಮೇಲೆ ಹರಸುವ ಅಧಿಕಾರ ಒಬ್ಬರಿಗೇ ಇರಲಿ ಎಂದು ಭಾಗೀರಥಜ್ಜಿಯವರಿಗೇ ಬಿಟ್ಟರು. ಅವರಿಗೆ ತೊಂಬತ್ತು.

ರೆಬೆಕ್ಕಮ್ಮ ಬೇರೆ ಊರಿನವರು. ಬಂದ ಹೊಸದರಲ್ಲಿ ಮಾತ್ರೆಗಳನ್ನು ಒಂದು ಬೀರು ತುಂಬ ತರಿಸಿಟ್ಟಿದ್ದರು. "ಮಗೂಗೂ ಮಗೂಗೂ ಮೂರು ವರ್ಷ ಅಂತರ ಬಿಡ್ರಮ್ಮ. ಮೈಯಲ್ಲಿ ರಕ್ತ ತುಂಬಬೇಕು, ಮೊದಲನೆ ಮಗು ಮಡಿಲಲ್ಲಿ ಕೂತು ಉಣ್ಣಬೇಕು. ದಿನಾ ಒಂದು, ಮಾತ್ರೆ ತಪ್ಪಬಾರದು" ಎಂದು ಮನೆಮನೆಗೂ ಹೇಳಿದರು. ಹೆಂಗಸರು ತಪ್ಪದೆ ನುಂಗಿದರು. ಅಕ್ಷತೆ ಬಿದ್ದ ಮೈಗೆ ಅದು ಪುಟಾಣಿ ತಿಂದಂತಾಯಿತು. "ನಾನು ಓದಿದ ಪುಸ್ತಕದಲ್ಲಿ ನಿಮ್ಮೂರು ಇಲ್ಲ" ಎಂದು ಅವರು ನಗುತ್ತಲೇ ಬೀರುವಿಗೆ ಬೀಗ ಹಾಕಿದರು. ಬೀಗದ ಕೈಯನ್ನು ಮಾತ್ರ ಎಸೆಯಲಿಲ್ಲ.

ನಾನೂ ಸುಗುಣಳೂ ಭಾಗೀರಥಜ್ಜಿಯವರ ಮನೆಗೆ ಹೋದೆವು. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ವಿಷಯ ಕೇಳಿ, "ಅಯ್ಯೋ ಕೂಸೇ, ನಾನೇನು ಬೇಕೂಂತ ಎಂಟು ಅಂತೀನಾ? ನಾನು ಹರಸಿದ ಹುಡುಗೀರು ನೀರಿಗೆ ಹೋಗೋವಾಗ ಒಬ್ಬೊಬ್ಬರ ಬೆನ್ನೂ ನೋಡ್ತೀನಿ. ಏನು ಹೇಳಬೇಕೋ ಹೇಳ್ಕೊಡು, ಅದನ್ನೇ ಅಂತೀನಿ" ಎಂದರು.

"ಬೇಕಾದಾಗ ಬೇಕಾದಷ್ಟು ಮಕ್ಕಳಾಗಲಿ ಅನ್ನಿ ಅಜ್ಜಿ. ಅಕ್ಷತೆ ಇಲ್ಲದೆ, ಸುಮ್ಮನೆ," ಎಂದಳು ಸುಗುಣ.

ಅಜ್ಜಿ ಕಣ್ಣು ಮುಚ್ಚಿ, "ಬೇಕಾದಾಗ ಬೇಕಾದ... ಬೇಕಾದಷ್ಟು... ಎಂಟು ತೊಟ್ಟಿಲು ತೂಗು ಮಗಳೇ" ಎಂದರು. ಕಣ್ಣು ಬಿಟ್ಟು ನಮ್ಮ ಮುಖ ನೋಡಿದರು. "ಏನಂದೆ?"

ಹತ್ತು ಸಲ ಹೇಳಿಸಿದೆವು. ಹತ್ತು ಸಲವೂ ಎಂಟೇ ಬಂತು. ಕೊನೆಗೆ ಅಜ್ಜಿ ಮೊರ ಕೆಳಗಿಟ್ಟು, "ನನ್ನ ನಾಲಿಗೆ ಹಳಿ ಮೇಲೆ ಓಡೋ ರೈಲು ಕಣಪ್ಪ ಮೇಷ್ಟ್ರೇ. ನಿಮ್ಮಪ್ಪ ಓದಿದ್ದು ಕೇಳಿ ಕೇಳಿ ಹೀಗಾಗಿದೆ. ನೀನು ಹೇಳೋದು ಮಣ್ಣುರಸ್ತೆ. ಅದರ ಮೇಲೆ ಹೇಗೆ ಓಡ್ಲಿ? ಹೊಸ ಹಳಿ ಹಾಕು" ಎಂದರು.

ಅಲ್ಲಿಂದ ಆಸ್ಪತ್ರೆಗೆ ಹೋದಾಗ ರೆಬೆಕ್ಕಮ್ಮ ಬೇರೆ ಯಾರಿಗೋ ಹೇಳುತ್ತಿದ್ದರು: "ಮಾತ್ರೆ ತಪ್ಪಿದ್ರೆ ಹತ್ತಲ್ಲಮ್ಮ, ತಪ್ಪಬಾರದು." ಕೆಮ್ಮಿನ ಮಾತ್ರೆಯ ವಿಷಯವಿರಬೇಕು. ಆದರೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಪದ್ಯದ ಅಳತೆಗೂ ಮಾತ್ರೆ ಎಂದೇ ಹೆಸರಲ್ಲವೇ. ಅಪ್ಪ ತೊಡೆ ತಟ್ಟಿ ಎಣಿಸುತ್ತಿದ್ದದ್ದು ಅದನ್ನೇ: ಮೂರು, ನಾಲ್ಕು, ಮೂರು, ನಾಲ್ಕು. 'ಎಂಟು ತೊಟ್ಟಿಲು ತೂಗು ಮಗಳೇ'. ಮೂರು, ನಾಲ್ಕು, ಮೂರು, ನಾಲ್ಕು. ಒಂದೂ ತಪ್ಪಿಲ್ಲ. ಅದಕ್ಕೇ ನಾಲಿಗೆಗೆ ಹತ್ತಿದೆ, ಅದಕ್ಕೇ ಬಿಡುತ್ತಿಲ್ಲ.

"ಸಿಸ್ಟರ್, ನಮ್ಮೂರಿಗೆ ಬೇಕಾದ ಮಾತ್ರೆ ನಿಮ್ಮ ಬೀರುವಿನಲ್ಲಿಲ್ಲ," ಎಂದೆ. "ಮೊದಲು ನನ್ನ ಮಾತ್ರೆ ಆಗಬೇಕು, ಆಮೇಲೆ ನಿಮ್ಮದು ನಡೆಯುತ್ತದೆ."

"ಮೇಷ್ಟ್ರೇ, ಕೂತ್ಕೊಳ್ಳಿ. ನೀರು ಕುಡೀರಿ," ಎಂದರು ರೆಬೆಕ್ಕಮ್ಮ.

ಪದ್ಯ ಕಟ್ಟಿದ್ದು ಶಾಲೆಯಲ್ಲಿ, ಹಾಜರಿ ಕರೆಯುತ್ತಾ. ಸಾಕಮ್ಮ, ಸಾಕಮ್ಮ, ಸಾಕಮ್ಮ ಎಂದು ಹನ್ನೊಂದು ಸಲ ಕೂಗುವಷ್ಟರಲ್ಲಿ ಸಾಕು ಎಂಬ ಮಾತು ಬಂದು ಕೂತಿತು. ಅದರ ಮಗ್ಗುಲಿಗೆ ಬೇಕು ಬಂತು. ಎರಡಕ್ಕೂ ಮೂರು ಮೂರು ಮಾತ್ರೆ, ಎರಡರ ಎರಡನೇ ಅಕ್ಷರವೂ 'ಕು'. ಪ್ರಾಸ ತಾನಾಗಿ ಕೂಡಿತು. ಸರಸ್ವತಿ ಕೊಟ್ಟಾಗ ಹಾಗೆಯೇ ಕೊಡುತ್ತಾಳೆ, ನೂರ ಮೂವತ್ತು ಮಕ್ಕಳ ಗಲಾಟೆಯ ನಡುವೆಯೂ.

ಬೇಕು ಎಂದರೆ ಬರಲಿ ತೊಟ್ಟಿಲು
ಸಾಕು ಎಂದರೆ ಅಟ್ಟಕೇರಲಿ
ಏಕೆ ಎನ್ನದೆ ಮನೆಯು ನಿನ್ನಯ ಮಾತ ನಡೆಸಿರಲಿ

ಅಜ್ಜಿಗೆ ಮೊದಲ ಸಲ ಹೇಳಿದಾಗಲೇ ತೊಡೆ ತಟ್ಟಿದರು. "ಇದು ಹಳಿ," ಎಂದರು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮನೆಯಲ್ಲಿ ಅಭ್ಯಾಸ. ಸುಗುಣ ಮೊರದ ಬೆನ್ನಿಗೆ ತಾಳ ಹಾಕುತ್ತಿದ್ದಳು. ಅಜ್ಜಿಗೆ ಒಂದೇ ತೊಡಕು: ತಾವಾಗಿ ಶುರು ಮಾಡಿದರೆ ಹಳೆಯ ಹಳಿಗೆ ಹೋಗುತ್ತಿದ್ದರು. ನಾನು 'ಬೇಕು' ಎಂದು ಎತ್ತಿಕೊಟ್ಟರೆ ಮುಂದಿನದೆಲ್ಲ ನೀರು ಹರಿದಂತೆ ಬರುತ್ತಿತ್ತು. ಸಂಜೆ ಅವರ ಅಡುಗೆಮನೆಯಲ್ಲಿ ಎತ್ತಿಕೊಡುವುದು ಸುಲಭ. ಮದುವೆಯ ಚಪ್ಪರದಲ್ಲಿ ಮುನ್ನೂರು ಜನ.

"ನೀವೇ ಎತ್ತಿಕೊಡಬೇಕು ಮಾವ. ಬೇರೆ ಯಾರಾದ್ರೂ ಎತ್ತಿದ್ರೆ ಶ್ರುತಿ ತಪ್ಪುತ್ತೆ," ಎಂದಳು ಸುಗುಣ.

ಸುದ್ದಿ ಬೀದಿಯಾಚೆಗೆ ಮುಟ್ಟಿತು. ವಿರೂಪಾಕ್ಷನ ತಾಯಿ ತುಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಅವರ ಕಥೆ ಊರಿಗೆಲ್ಲ ಗೊತ್ತು. ಅವರ ಮದುವೆಯಲ್ಲಿ ಹರಸಬೇಕಾದ ಹಿರಿಯರು ಅಕ್ಷತೆ ಹಿಡಿದು ಗಂಟಲು ಸರಿಮಾಡಿಕೊಂಡು, "ಒಂದು..." ಎಂದರು. ಒಂದು ಮಾತು ಹೇಳುತ್ತೇನೆ, ಎಲ್ಲರೂ ಕೇಳಿ ಎನ್ನಲು ಹೊರಟಿದ್ದರಂತೆ. ಅಷ್ಟರಲ್ಲಿ ವಾಲಗದವನಿಗೆ ಆತುರವಾಗಿ ಊದಿಬಿಟ್ಟ, ಕೈ ಬೆಚ್ಚಿ ಅಕ್ಷತೆ ಬಿತ್ತು. ತುಂಗಮ್ಮನಿಗೆ ಒಂದೇ ಆಯಿತು. ಎಂಟು ಅಂಕಣದ ಮನೆಯಲ್ಲಿ ಒಬ್ಬನೇ ಹುಡುಗ ತನ್ನ ದನಿಯ ಜೊತೆ ತಾನೇ ಕಣ್ಣಾಮುಚ್ಚಾಲೆ ಆಡಿ ಬೆಳೆದ.

"ಮೇಷ್ಟ್ರೇ, ನೀವು ಸಾಧು ಅಂದ್ಕೊಂಡಿದ್ದೆ," ಎಂದರು ತುಂಗಮ್ಮ. "ನನಗೂ ಆಸೆ ಇರಲ್ವೇ? ನಮ್ಮನೇಲೂ ಜಗಲಿ ತುಂಬ ತಲೆ ಸಾಲಾಗಿ ಕೂರಲಿ ಅಂತ?"

ಅಕ್ಕ ಒಳಗಿನಿಂದ, "ಬೀಗಿತ್ತಿಯವರೇ, ಭಾನುವಾರ ಬೆಳಗ್ಗೆ ಬನ್ನಿ. ಬಾಚಣಿಗೆ ನಾನೇ ಕೊಡ್ತೀನಿ" ಎಂದಳು.

"ನಿಮಗೆ ಎಂಟಿವೆ, ನಗ್ತೀರಿ."

"ಎಂಟೂ ನನ್ನ ಪ್ರಾಣವೇ ತಾಯಿ. ಒಂದನ್ನೂ ವಾಪಸು ಕೊಡಲ್ಲ. ಆದ್ರೆ ಒಂದೊಂದಕ್ಕೂ ಅಮ್ಮ ಎಂಟರಲ್ಲೊಂದು ಪಾಲು ಮಾತ್ರ ಸಿಕ್ಕಿದ್ದು. ಈ ಸುಗುಣಂಗೆ ಅದೂ ಸಿಗಲಿಲ್ಲ."

ತುಂಗಮ್ಮ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡರು. ಆಮೇಲೆ, "ನಿಮಗೆ ಎಂಟು ಅತಿ, ನನಗೆ ಒಂದು ಕೊರತೆ. ಇಬ್ಬರನ್ನೂ ಯಾರೂ ಕೇಳಲಿಲ್ಲ, ಬಿಡಿ" ಎಂದರು. ಎದ್ದು ಹೋಗುವಾಗ ಮತ್ತೆ ಗಟ್ಟಿಯಾಗಿ, "ಆದ್ರೂ ಅವತ್ತು ನಾನು ಅಜ್ಜಿ ಪಕ್ಕದಲ್ಲೇ ಕೂರೋದು" ಎಂದು ಹೇಳಿಯೇ ಹೋದರು.

ಮುಹೂರ್ತ ಬೆಳಗ್ಗೆ ಒಂಬತ್ತೂ ಕಾಲಿಗೆ. ಚಪ್ಪರದಲ್ಲಿ ಮಕ್ಕಳೇ ಇನ್ನೂರು. ನನ್ನನ್ನು ನೋಡಿದವರೆಲ್ಲ ಅಭ್ಯಾಸಬಲದಿಂದ "ಹಾಜರ್ ಸಾರ್" ಎನ್ನುತ್ತಿದ್ದರು. ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿ ತಂದು ಮಂಟಪದ ಮುಂದೆ ಇರಿಸಿದರು. ಹೇಳಿದಂತೆ ತುಂಗಮ್ಮ ಬಲಗಡೆ ಕೂತು ಅಜ್ಜಿಯ ಕಿವಿಗೆ ಬಾಗಿ, "ಎಂಟು ಅಜ್ಜಿ, ಮರೀಬೇಡಿ, ಎಂಟು" ಎಂದು ವೀಳ್ಯದೆಲೆ ಮಡಿಸಿ ಕೊಡುತ್ತಾ ಇದ್ದರು. ಎಡಗಡೆ ನಾನು. ರೆಬೆಕ್ಕಮ್ಮ ಕಂಬದ ಬಳಿ ನಿಂತಿದ್ದರು; ಅವರ ಸೊಂಟದಲ್ಲಿ ಬೀರುವಿನ ಬೀಗದ ಕೈ ಹೊಳೆಯುತ್ತಿತ್ತು.

ತಾಳಿ ಕಟ್ಟಿದ್ದಾಯಿತು. ವಾಲಗ ನಿಂತಿತು. ಅಜ್ಜಿ ಅಕ್ಷತೆ ಹಿಡಿದು ನನ್ನ ಕಡೆ ನೋಡಿದರು. ಮುನ್ನೂರು ಜನರೂ ಆ ನೋಟ ಹೋದ ಕಡೆಗೆ ನೋಡಿದರು. ಅಪ್ಪನನ್ನು ನೆನೆದೆ, ಅಪ್ಪ ನೆನೆಯುತ್ತಿದ್ದ ದೇವರನ್ನು ನೆನೆದೆ, ಬಾಯಿಂದ ಏನೂ ಹೊರಡಲಿಲ್ಲ. ಸುಗುಣ ತಲೆ ಎತ್ತಿದಳು. ಹಣೆಯ ಮೇಲೆ ಬಾಸಿಂಗ, ಅದರ ಕೆಳಗೆ ಅವಳ ಕಣ್ಣು. ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದ ಒಂಬತ್ತು ವರ್ಷದ ಹುಡುಗಿಯ ಕಣ್ಣು ಅದು. "ಬೇಕು" ಎಂಬುದು ನನ್ನ ಬಾಯಿಂದ ಹೇಗೆ ಬಂತೋ ನನಗೆ ಗೊತ್ತಿಲ್ಲ. ಬಂತು, ಅಪ್ಪನ ರಾಗದಲ್ಲೇ ಬಂತು.

ಅಜ್ಜಿ ಹಿಡಿದುಕೊಂಡರು. "ಎಂ..." ಎಂದರು.

ಅಷ್ಟರಲ್ಲಿ ಕೆಮ್ಮು. ಅಜ್ಜಿಯ ಬಾಯಲ್ಲಿ ತುಂಗಮ್ಮನ ವೀಳ್ಯದ ಅಡಕೆಚೂರು ಇತ್ತು. 'ಎಂ' ಎಂಬುದು 'ಎಂದರೆ'ಯೂ ಆಗಬಹುದು, 'ಎಂಟು' ಕೂಡ ಆಗಬಹುದು. ತುಂಗಮ್ಮನ ಮುಖ ಅರಳಿತು. "ಟು," ಎಂದು ಅವರು ಮೆಲ್ಲಗೆ ಎತ್ತಿಕೊಟ್ಟರು. "ಎಂಟು ಅಜ್ಜಿ, ಟು."

ನನಗೆ ಮಾತ್ರ ಆ ಹೊತ್ತಿಗೆ ಭಯ ಹೋಗಿತ್ತು. 'ಬೇಕು' ಆದ ಮೇಲೆ ಬರುವ ಜಾಗದಲ್ಲಿ ನಾಲ್ಕು ಮಾತ್ರೆ ಬೇಕು. 'ಎಂಟು' ಎಂಬುದಕ್ಕೆ ಇರುವುದು ಮೂರೇ. ತೊಂಬತ್ತು ವರ್ಷ ಪದ್ಯ ಕೇಳಿ ಪಳಗಿದ ನಾಲಿಗೆ ಒಂದು ಮಾತ್ರೆ ಕಡಿಮೆ ಇರುವ ಜಾಗದಲ್ಲಿ ಕಾಲಿಡುವುದಿಲ್ಲ. ಅಜ್ಜಿ ಅಡಕೆಚೂರನ್ನು ಕೆನ್ನೆಗೆ ಸರಿಸಿ, ಕೆಮ್ಮು ನುಂಗಿ, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ "...ದರೆ ಬರಲಿ ತೊಟ್ಟಿಲು" ಎಂದರು. ಮುಂದಿನದು ನೀರು ಹರಿದಂತೆ ಬಂತು. ಕೊನೆಯ 'ಲಿ'ಯನ್ನು ಎಳೆದು ಬಿಟ್ಟಾಗ ಅಕ್ಷತೆ ಸುಗುಣಳ ತಲೆಯ ಮೇಲೂ ವಿರೂಪಾಕ್ಷನ ತಲೆಯ ಮೇಲೂ ಸಮನಾಗಿ ಬಿತ್ತು. ಹೆಂಗಸರ ಸಾಲಿನಲ್ಲಿ ಯಾರೋ ಅತ್ತರು, ಯಾರೋ ನಕ್ಕರು, ಮದುವೆಗೆ ನಿಂತ ಹುಡುಗಿಯರು ನಾಲ್ಕೈದು ಜನ ಆಗಲೇ ಪದ್ಯವನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ರೆಬೆಕ್ಕಮ್ಮ ವಿರೂಪಾಕ್ಷನ ಹತ್ತಿರ ಹೋಗಿ, "ಬುಧವಾರ ಇಬ್ಬರೂ ಬನ್ನಿ. ನೀವೂ ಬರಬೇಕು, ಇದು ಬರೀ ಹೆಂಗಸರ ಪಾಠ ಅಲ್ಲ" ಎಂದರು. ಅವನು, "ಆಗಲೇ ಹೇಳಿದ್ದಾಳೆ ಸಿಸ್ಟರ್, ಬರ್ತೀನಿ" ಎಂದ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಊಟದ ಪಂಕ್ತಿಯಲ್ಲಿ ಮದುಮಕ್ಕಳ ಎದುರಿಗೆ ನಮ್ಮ ಎಲೆ. ಹೋಳಿಗೆ ಬಡಿಸುತ್ತಿದ್ದರು. ತುಂಗಮ್ಮ ತುಪ್ಪದ ಪಾತ್ರೆ ಹಿಡಿದು ಬಂದು ಸೊಸೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು, ಅದಕ್ಕೇ ನನಗೆ ಅವರನ್ನು ನೋಡಿ ಪ್ರೀತಿಯಾಯಿತು.

"ಅಲ್ವೇ ಸುಗುಣ, ತೊಟ್ಟಿಲು ಯಾವಾಗ?"

"ತರಬೇತಿ ಮುಗೀಲಿ ಅತ್ತೆ. ಆಮೇಲೆ ಒಂದು ವರ್ಷ ನಾನೂ ಇವರೂ ನಿಮ್ಮನೆಯ ಎಂಟು ಅಂಕಣದಲ್ಲೂ ಓಡಾಡ್ತೀವಿ. ಅಲ್ಲೂ ಒಂದಿಷ್ಟು ಸದ್ದಾಗ್ಲಿ."

ತುಂಗಮ್ಮ ಬಾಯಿ ತೆರೆದರು. "ಯಾ..." ಎಂದರು. ನಿಂತರು. ಮತ್ತೆ, "ಏ..." ಎಂದರು. ತುಟಿ ಅಲುಗಿತು, ಮಾತು ಮಾತ್ರ ಬರಲಿಲ್ಲ. ನನ್ನ ಪಕ್ಕದಲ್ಲಿ ಅಕ್ಕ ಹೋಳಿಗೆಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು. ತುಂಗಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಮೂರನೇ ಸಾಲಿನ 'ಏಕೆ ಎನ್ನದೆ'ಯ ಏಟು ಎಲ್ಲಿಂದ ಬಿತ್ತೆಂದು ಅವರಿಗೆ ತಿಳಿಯಿತು. ಆಮೇಲೆ ಅವರಿಗೇ ನಗು ಬಂತು. ತುಪ್ಪದ ಪಾತ್ರೆ ಕುಲುಕುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ಸೊಸೆಯ ಎಲೆಗೆ ಎರಡು ಸೌಟು ತುಪ್ಪ ಹೆಚ್ಚಿಗೇ ಬಡಿಸಿ, ಕಿವಿಯ ಹತ್ತಿರ ಬಾಗಿದರು. "ಸರಿ, ಅದನ್ನ ಕೇಳಲ್ಲ ಬಿಡು. ಒಂದೇ ಒಂದ್ಸಲ, ಈಗ, ನನ್ನ ಸಮಾಧಾನಕ್ಕೆ 'ಬೇಕು' ಅಂದುಬಿಡು ಮಗಳೇ."

ಸುಗುಣ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಮೊದಲ ತುತ್ತನ್ನು ಅತ್ತೆಯ ಬಾಯಿಗೇ ಇಟ್ಟಳು.

"ಅನ್ನಲ್ಲ ಅತ್ತೆ," ಎಂದಳು.